ಪಂಪಣ್ಣನ ಗಾಡಿಯ ಮೊದಲ ಐದು ನಿಮಿಷ

ಶಹಾಪುರದ ಭಾಂಡೆ ಅಂಗಡಿ ಪಂಪಣ್ಣನಿಗೆ ತನ್ನ ಕಾರಿನ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಅದು ಬಿಳಿ ಬಣ್ಣದ್ದು. ಎರಡು, ಅದು ಇಂಜೆಕ್ಷನ್ ಗಾಡಿ. ಎರಡನೆಯದರ ಅರ್ಥ ಅವನಿಗೆ ತಿಳಿದಿರಲಿಲ್ಲ. ಆದರೆ ಹಾಗೆಂದಾಗ ಎದುರಿಗಿದ್ದವರು ಗಂಭೀರವಾಗಿ ತಲೆಯಾಡಿಸುತ್ತಿದ್ದುದರಿಂದ, ಅದೊಂದು ದೊಡ್ಡ ಗುಣವೇ ಇರಬೇಕೆಂದು ನಂಬಿ, ಸ್ಟೀಲಿನ ತಂಬಿಗೆ ಕೊಳ್ಳಲು ಬಂದವರಿಗೂ ಹೇಳಿ ಕಳಿಸುತ್ತಿದ್ದ.

ಗಾಡಿ ಹದಿನೆಂಟು ವರ್ಷ ಹಳೆಯದು. ಮಾರಿದವನು ಹೆಂಡತಿ ದಾನೇಶ್ವರಿಯ ತಮ್ಮ, ನಮ್ಮ ಕಡೆಯ ರೂಢಿಯಲ್ಲಿ ಪಂಪಣ್ಣನಿಗೆ ಅಳಿಯ, ಸುರಪುರದ ಬಸವಕುಮಾರ. "ಮಾಮಾ, ಹೊರಗಿನವರಿಗೆ ಕೊಡಾಕ ಮನಸ್ಸಿಲ್ಲ. ನೀವಂದ್ರ ಕೊಡ್ತೀನಿ," ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟಿದ್ದ. ಪಂಪಣ್ಣ ಗಾಡಿ ನೋಡಲು ಹೋದ ದಿನ ಅದು ಬಾಗಿಲ ಮುಂದೆ ಚಾಲೂ ಆಗಿಯೇ ನಿಂತಿತ್ತು. "ನಿಮಗ ಕಾಯಿಸಬಾರದಂತ ಮೊದಲ ಚಾಲೂ ಮಾಡಿ ಇಟ್ಟೇನಿ," ಎಂದ ಅಳಿಯನ ಮರ್ಯಾದೆಗೆ ಪಂಪಣ್ಣ ಅಲ್ಲೇ ಕರಗಿ ಹೋದ. ಇಷ್ಟು ಕರಗುವವರು ಭಾಂಡೆ ವ್ಯಾಪಾರ ಹೇಗೆ ಮಾಡುತ್ತಾರೋ ದೇವರಿಗೇ ಗೊತ್ತು.

ಮರುದಿನ ಬೆಳಿಗ್ಗೆ ಪಂಪಣ್ಣ ಹೊಸ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಗಾಡಿಯಲ್ಲಿ ಕೂತು ಚಾವಿ ತಿರುವಿದ. ಗಾಡಿ ಮೈತುಂಬ ನಡುಗಿತು. ಇಂಜಿನ್ ಒಮ್ಮೆ ಕೆಮ್ಮಿತು, ಒಮ್ಮೆ ಬಿಕ್ಕಿತು, ನಿಂತೇ ಹೋದೆನೆಂಬಂತೆ ಕುಗ್ಗಿ ಮತ್ತೆ ಎದ್ದಿತು. ಗೋಡೆಯಾಚೆ ಪಡಸಾಲೆಯಲ್ಲಿ ಪೇರಿಸಿಟ್ಟಿದ್ದ ಡಬರಿ, ತಾಟು, ಕೊಳಗಗಳೆಲ್ಲ ಝಣಝಣ ಎಂದವು. ಭೂಕಂಪವೆಂದು ಹೆದರಿದ ಪಂಪಣ್ಣ ಇಳಿದು ಓಡಿಹೋಗಿ ಬೇವಿನ ಗಿಡ ಅಪ್ಪಿಕೊಂಡ. ಐದು ನಿಮಿಷ ಕಳೆದ ಮೇಲೆ ನೋಡಿದರೆ ಗಾಡಿ ಪಾಪದ ಆಕಳಿನಂತೆ ಸುಮ್ಮನೆ ಗುರುಗುಡುತ್ತ ನಿಂತಿತ್ತು.

ಇದು ದಿನನಿತ್ಯದ ಕಥೆಯಾಯಿತು. ಮೊದಲ ಐದು ನಿಮಿಷ ನಡುಕ, ಆಮೇಲೆ ಇಡೀ ದಿನ ಸಂಭಾವಿತ. ದಾನೇಶ್ವರಿಗೆ ಹೇಳಿದರೆ ಅವಳು, "ಗಾಡಿ ಅಲ್ರಿ, ಕ್ಲಚ್ಚಿನ ಮ್ಯಾಲ ನಿಮ್ಮ ಕಾಲು ನಡಗ್ತಾವ. ನನ್ನ ತಮ್ಮನ ಕೈಯಾಗ ಒಂದು ದಿನಾನೂ ನಡಗಿಲ್ಲ ಅದು," ಎಂದಳು.

ಇಲ್ಲಿಗೆ ಪಂಪಣ್ಣ ಸುಮ್ಮನಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವನು ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ಕೂತು, ನಾಲ್ಕು ಜನರ ಮುಂದೆ, "ಅಳಿಯ ನನಗ ಟೋಪಿ ಹಾಕ್ಯಾನ," ಎಂದುಬಿಟ್ಟ. ಮಾತು ಮಧ್ಯಾಹ್ನದ ಬಸ್ಸಿಗಿಂತ ಮೊದಲೇ ಸುರಪುರ ಮುಟ್ಟಿತು. ಸಂಜೆಯ ಹೊತ್ತಿಗೆ ಬಸವಕುಮಾರ ಅಕ್ಕನಿಗೆ ಫೋನು ಮಾಡಿ ಊಟ ಬಿಟ್ಟ ಸುದ್ದಿ ತಿಳಿಸಿದ.

ದಾನೇಶ್ವರಿ ಅಳಲಿಲ್ಲ, ಕೂಗಲಿಲ್ಲ. ಅದೇ ಪಂಪಣ್ಣನ ಎದೆ ಒಡೆಸಿದ್ದು. ಅವಳು ಒಂದು ಹಾಳೆ ತಂದು ತನ್ನ ಕೈಯಾರೆ ಬರೆದಳು: "ಪಂಪಣ್ಣನಾದ ನಾನು ಹಿರಿಯರ ಮುಂದೆ ಕೈಮುಗಿದು ಹೇಳುವುದೇನೆಂದರೆ, ನಾನು ಆಡಿದ ಮಾತು ಸುಳ್ಳು, ತಪ್ಪು ನನ್ನದೇ, ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು." ಅದನ್ನು ಮಡಚಿ ಗಂಡನ ಕಿಸೆಯಲ್ಲಿಟ್ಟಳು.

"ಬರೋ ಆಯಿತವಾರ ಸಂಜಿಮುಂದ ಸುರಪುರದಾಗ ಬಸವಕುಮಾರನ ಮಗಳನ್ನ ತೊಟ್ಟಿಲಕ್ಕ ಹಾಕ್ತಾರ. ನನ್ನ ತವರಿನವರೆಲ್ಲಾ ಸೇರ್ತಾರ. ಅವರ ಮುಂದ ಇದನ್ನ ಓದಬೇಕ್ರಿ. ಇಲ್ಲಾಂದ್ರ ಅಷ್ಟರೊಳಗ ಮಿಸ್ತ್ರಿ ಬಾಯಿಲೆ ಹೇಳಸ್ರಿ, ಗಾಡಿಯಾಗ ಮೊದಲಿಂದ ಐಬು ಅದ ಅಂತ. ಖಾಜಾಮಿಯಾ ಹೇಳಿದ್ರ ನಾ ನಂಬ್ತೀನಿ."

ಪಂಪಣ್ಣನಿಗೆ ಅವತ್ತು ಅನ್ನ ಇಳಿಯಲಿಲ್ಲ. ಮೂವತ್ತು ಜನ ಬೀಗರ ನಡುವೆ, ತೊಟ್ಟಿಲ ಪಕ್ಕ ನಿಂತು, ಶಾಲೆಯ ಹುಡುಗನಂತೆ ತಪ್ಪೊಪ್ಪಿಗೆ ಓದುವ ತನ್ನ ಚಿತ್ರ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಅದೂ ತಪ್ಪೇ ಮಾಡದೆ.

ಖಾಜಾಮಿಯಾನ ಗ್ಯಾರೇಜು ಯಾದಗಿರಿ ರಸ್ತೆಯಲ್ಲಿತ್ತು. ಮೂವತ್ತು ವರ್ಷದಿಂದ ಇಂಜಿನ್ನುಗಳ ಹೊಟ್ಟೆಗೆ ಕಿವಿಗೊಟ್ಟು ಬದುಕಿದ ಮನುಷ್ಯ. ಪಂಪಣ್ಣ ಒಂದೇ ವಾರದಲ್ಲಿ ಮೂರು ಸಲ ಗಾಡಿ ಒಯ್ದ. ಮೂರೂ ಸಲ ಖಾಜಾಮಿಯಾ ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಕೇಳಿ, "ಗಾಡಿ ಬರೋಬರ್ ಅದ ಸೇಠ," ಎಂದ. ಮೂರನೆಯ ಸಲ ಮಾತ್ರ ಪಂಪಣ್ಣನ ಮುಖ ನೋಡಿ ಅವನಿಗೆ ಏನೋ ಹೊಳೆಯಿತು.

"ಮನಿಯಿಂದ ಇಲ್ಲಿ ಮಟ ಓಡಿಸಿಕೊಂಡ ಬರ್ತೀರಿ ಹೌದಲ್ಲ? ಬರೋದ್ರಾಗ ಇಂಜಿನ್ ಗರಮ್ ಆಗ್ತದ. ರೋಗ ಇರೋದು ಥಂಡಿ ಇದ್ದಾಗ. ಜ್ವರ ಇಳಿದ ಮ್ಯಾಲ ಡಾಕ್ಟರ್ ಕಡೆ ಬಂದ್ರ ಡಾಕ್ಟರ್ ಏನ್ ನೋಡ್ಬೇಕ್ರಿ?"

ಆಮೇಲೆ ಅವನು ಬಿಡಿಸಿ ಹೇಳಿದ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲು ಎಷ್ಟು ಬಿಡಬೇಕೆಂಬುದನ್ನು ಒಂದು ಕಂಪ್ಯೂಟರ್ ಗೊತ್ತು ಮಾಡುತ್ತದೆ. ಇಂಜಿನ್ ಬಿಸಿಯೋ ತಂಪೋ ಎಂದು ಅದಕ್ಕೆ ವರದಿ ಕೊಡಲು ಒಂದು ಸೆನ್ಸಾರ್ ಇರುತ್ತದೆ. ತಂಪಿದ್ದಾಗ ಹೆಚ್ಚು ಪೆಟ್ರೋಲು ಬೇಕು. "ಆ ಸೆನ್ಸಾರ್ ಸುಳ್ಳ ಹೇಳಾಕತ್ತಿದ್ರ, ಇಂಜಿನ್ ಉಪವಾಸ ಬಿದ್ದು ನಡಗ್ತದ. ಇಲ್ಲಾ ಗಾಳಿ ಪೈಪ್ ಸೀಳಿರಬಹುದು. ಥಂಡಿ ಇದ್ದಾಗ ನೋಡದ ನಾ ಹೇಳಂಗಿಲ್ಲ. ನಾಳಿ ಮುಂಜಾನಿ ಆರಕ್ಕ ನಿಮ್ಮ ಮನಿಗೇ ಬರ್ತೀನಿ."

ಮರುದಿನ ಆರಕ್ಕೆ ಖಾಜಾಮಿಯಾ ಬಂದ. ಗಾಡಿ ಸಂಭಾವಿತವಾಗಿ ಗುರುಗುಡುತ್ತಿತ್ತು.

"ಚಾಲೂ ಯಾಕ ಮಾಡಿದ್ರಿ?" ಖಾಜಾಮಿಯಾನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿತು.

"ರೋಗ ಇನ್ನಾ ಅದನೋ ಇಲ್ಲೋ ಅಂತ ಒಮ್ಮೆ ನೋಡಿದೆ. ನಿಮಗ ಸುಮ್ಮನ ತ್ರಾಸ ಕೊಡಬಾರದಲ್ಲ," ಎಂದ ಪಂಪಣ್ಣ. "ಇತ್ತು. ಭಾಳ ಛಲೋ ನಡಗಿತು."

ಖಾಜಾಮಿಯಾ ಬಗ್ಗಿ ಪಾನಾ ಎತ್ತಿ ಚೀಲಕ್ಕೆ ಹಾಕಿಕೊಂಡ. "ಆಯಿತವಾರ ಹತ್ತಕ್ಕ ಬರ್ತೀನಿ. ಅದು ಬಿಟ್ರ ನನಗ ಹೊತ್ತಿಲ್ಲ. ಅಲ್ಲಿ ಮಟ ಚಾವಿ ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದ.

ಪಂಪಣ್ಣ ಮುಟ್ಟಲಿಲ್ಲ. ಚಾವಿಯನ್ನು ಗೋಧಿ ಡಬ್ಬಿಯಲ್ಲಿ ಹುಗಿದಿಟ್ಟ. ಆದರೆ ತೊಟ್ಟಿಲ ಕಾರ್ಯದ ಭಾನುವಾರ ಬೆಳಿಗ್ಗೆ ದಾನೇಶ್ವರಿ ಆ ಚಾವಿಯನ್ನು ತೊಳೆದು ಒರೆಸಿ ಅವನ ಕೈಗಿಟ್ಟಳು. ದೋರನಹಳ್ಳಿಯಿಂದ ಅನ್ನಮ್ಮತ್ತೆಯನ್ನು ಕರೆತರಬೇಕಿತ್ತು. ಅನ್ನಮ್ಮ ದಾನೇಶ್ವರಿಯ ಸೋದರತ್ತೆ, ಎಂಬತ್ತು ದಾಟಿದ ಮುದುಕಿ. ಆಕೆ ಹಾಡದೆ ಆ ಮನೆತನದಲ್ಲಿ ಒಂದು ಕೂಸೂ ತೊಟ್ಟಿಲೇರಿದ್ದಿಲ್ಲ, ಆಕೆ ಹಾಡಿಕೊಂಡು ಅಳದೆ ಒಂದು ಹೆಣವೂ ಮನೆ ಬಿಟ್ಟಿದ್ದಿಲ್ಲ.

"ಬಸ್ಸಿನ್ಯಾಗ ಅಕಿಗೆ ಬರಾಕ ಆಗಂಗಿಲ್ರಿ. ಹೋಗಿ ಬರ್ರಿ," ಎಂದಳು ದಾನೇಶ್ವರಿ. ಬೇಡ, ಇಂಜಿನ್ ಬಿಸಿಯಾಗುತ್ತದೆ ಎಂದು ಹೇಳುವ ಧೈರ್ಯ ಪಂಪಣ್ಣನಿಗೆ ಬರಲಿಲ್ಲ. ಹೋದ.

ಗಾಡಿಯ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತಲೇ ಅನ್ನಮ್ಮ ಹಿಂದಿನ ಸೀಟಿನಲ್ಲಿ ಗಾಢ ನಿದ್ದೆಗೆ ಜಾರಿದಳು. ಮನೆ ಮುಟ್ಟಿದರೂ ಏಳಲಿಲ್ಲ. ಬಿಸಿಲು ತಾಗಬಾರದೆಂದು ಬಿಳಿ ಚಾದರ ಹೊದಿಸಿ, ಗಂಡಹೆಂಡಿರಿಬ್ಬರೂ ಆಕೆಯನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಮಲಗಿಸಿದರು. ದಾನೇಶ್ವರಿ ಕೂಸಿನ ಬೆಳ್ಳಿ ಉಡದಾರ ತರಲು ಪತ್ತಾರನ ಕಡೆ ಹೊರಟಳು.

ಈ ಎತ್ತೊಯ್ಯುವುದನ್ನು ಎದುರು ಮನೆಯ ಕಟ್ಟೆಯಿಂದ ಭಗವಂತರಾಯರು ನೋಡಿದರು. ಇವರು ನಿವೃತ್ತ ಗ್ರಾಮಲೆಕ್ಕಿಗರು. ಆ ಓಣಿಯಲ್ಲಿ ಯಾರು ಸತ್ತರೂ ಮುಂದಿನದೆಲ್ಲ ಇವರ ಹೊಣೆ. ಭಜನೆಯವರು, ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟುವವರು, ಕುಣಿ ತೋಡುವವರು, ಎಲ್ಲರ ನಂಬರೂ ಇವರ ಫೋನಿನಲ್ಲಿದ್ದವು. ನಾಲ್ಕು ತಿಂಗಳಿಂದ ಓಣಿಯಲ್ಲಿ ಯಾರೂ ಸತ್ತಿರದ ಕಾರಣ ಭಗವಂತರಾಯರಿಗೆ ಸ್ವಲ್ಪ ಬೇಸರವೇ ಆಗಿತ್ತು.

ಇತ್ತ ಪಂಪಣ್ಣ ಬಾನೆಟ್ಟಿಗೆ ಕೈಯಿಟ್ಟು ಚಟ್ಟನೆ ತೆಗೆದ. ಎಂಟೂವರೆ ಗಂಟೆ. ಹತ್ತಕ್ಕೆ ಖಾಜಾಮಿಯಾ. ಮೇ ತಿಂಗಳ ಶಹಾಪುರದಲ್ಲಿ ತಾನಾಗಿ ತಣ್ಣಗಾಗುವ ವಸ್ತು ಯಾವುದೂ ಇಲ್ಲ, ಮನುಷ್ಯರ ಸಿಟ್ಟೂ ಸೇರಿ. ಕಿಸೆಯಲ್ಲಿನ ಹಾಳೆ ಎದೆಗೆ ಚುಚ್ಚಿದಂತಾಯಿತು. ಆಗ ಅವನ ಜನ್ಮದಲ್ಲಿ ಮೊದಲ ಸಲ ಒಂದು ವಿಚಾರ ಹೊಳೆಯಿತು. ಬರ್ಫಿನ ಫ್ಯಾಕ್ಟರಿಗೆ ಫೋನು ಮಾಡಿ ನಾಲ್ಕು ದೊಡ್ಡ ಮಂಜುಗಡ್ಡೆ ತರಿಸಿದ.

ಕಟ್ಟಿಗೆಯ ಹೊಟ್ಟು ಮೆತ್ತಿದ ಬರ್ಫಿನ ಗಡ್ಡೆಗಳು ಆಟೋದಿಂದ ಇಳಿಯುವುದನ್ನು ಕಂಡ ಭಗವಂತರಾಯರು ತಲೆಯ ಟೊಪ್ಪಿಗೆ ತೆಗೆದರು. ಚಾದರ, ಬರ್ಫು. ಇನ್ನೇನು ಬೇಕು ಸಾಕ್ಷಿಗೆ? ಕಟ್ಟೆಯಿಂದಿಳಿದು ಮೊದಲ ಫೋನು ಸುರಪುರಕ್ಕೆ ಹಚ್ಚಿದರು.

"ಬಸವಕುಮಾರ, ಧೈರ್ಯ ತಗೋಪಾ. ಸ್ವಲ್ಪ ಸೀರಿಯಸ್ ಅದ. ಕೂಡಲೇ ಬರ್ರಿ."

"ಯಾರಿಗ್ರಿ?"

"ಅದು ಫೋನಿನ್ಯಾಗ ಹೇಳೋದಲ್ಲ. ಗಾಡಿಯಾಗಿಂದ ಎತ್ತಿಕೊಂಡು ಹೋಗಿದ್ದ ನಾ ಕಣ್ಣಾರೆ ನೋಡೀನಿ. ಬರ್ಫ್ ಬಂದದ. ಇದರ ಮ್ಯಾಲ ನೀ ತಿಳಕೋ."

ನಮ್ಮ ಕಡೆ ಸತ್ತವರ ಹೆಸರನ್ನು ಫೋನಿನಲ್ಲಿ ಹೇಳುವ ಪದ್ಧತಿಯಿಲ್ಲ. ಹೆಣಕ್ಕೆ ವಿಭೂತಿ ಹಚ್ಚಿ ಕೂಡಿಸಿದ್ದರೂ ಸುದ್ದಿ ಮಾತ್ರ 'ಸೀರಿಯಸ್' ಎಂದೇ ಹೋಗಬೇಕು. ಕೇಳುವವನೂ ಹೆಚ್ಚು ಕೇಳಬಾರದು, ತಿಳಿದುಕೊಳ್ಳಬೇಕು. ಬಸವಕುಮಾರ ಗಾಡಿ ಎಂಬ ಮಾತು ಕೇಳಿದ, ಮತ್ತು ತಿಳಿದುಕೊಂಡ.

ಪಂಪಣ್ಣ ಎರಡು ಗಡ್ಡೆಗಳನ್ನು ಗೋಣಿಚೀಲದಲ್ಲಿ ಸುತ್ತಿ ಬಾನೆಟ್ಟಿನ ಮೇಲಿಟ್ಟ. ಇನ್ನೆರಡನ್ನು ಅಂಗಡಿಯ ಅಗಲವಾದ ಅಲ್ಯುಮಿನಿಯಂ ಬುಟ್ಟಿಗಳಲ್ಲಿ ಹಾಕಿ, ಒಂದನ್ನು ಗಾಡಿಯ ಪಕ್ಕ ಹಚ್ಚಿದ ಫ್ಯಾನಿನ ಮುಂದಿಟ್ಟು, ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿ, ಇನ್ನೊಂದನ್ನು ಇಂಜಿನ್ನಿನ ಅಡಿಗೆ ಸರಿಸಿದ. ಕೆಳಗೆ ಎಂಥ ತಂಪು. ನಸುಕಿನಲ್ಲೇ ಎದ್ದಿದ್ದ ದೇಹ. ಒಂದು ನಿಮಿಷ ಕಣ್ಣು ಮುಚ್ಚಿದ.

ಎಚ್ಚರಾದದ್ದು ತಾಳದ ಸದ್ದಿಗೆ.

ಪಂಪಣ್ಣ ಕಣ್ಣು ಬಿಟ್ಟ. ಗಾಡಿಯ ಸುತ್ತ ಕಾಲುಗಳೇ ಕಾಲುಗಳು. ಒಂದು ಕಡೆ ಮಡಚಿ ಕೂತ ಏಳೆಂಟು ಜೊತೆ ಕಾಲು, ನಡುವೆ ಹಾರ್ಮೋನಿಯಂ. ಭಜನಾ ಮಂಡಳಿ. ಹಿಮ್ಮಡಿ ಸವೆದ ಚಪ್ಪಲಿ ಭಗವಂತರಾಯರದು. ಅದರ ಪಕ್ಕ ನೆಲಕ್ಕೆ ಬಿದ್ದ ಹಸಿ ಬಿದಿರು, ಬಾಳೆಯ ಕಂಬ. ಬಿದಿರಿನ ಹಿಂದಿದ್ದ ಬರಿಗಾಲು ವಿಮಾನ ಕಟ್ಟುವ ಮಲ್ಲಿನಾಥನದು. ಶಹಾಪುರದಲ್ಲಿ ಆ ಕಾಲು ಯಾರ ಮನೆ ಮುಂದೆ ಬಂದರೂ ಅರ್ಥ ಒಂದೇ.

"ಅಳತಿ ಹೇಳ್ರಿ, ಕೂಡಿಸಿದ್ರ ಎಷ್ಟ ಎತ್ತರ ಆಗ್ತಾಳ ಮುದುಕಿ?" ಎಂದ ಮಲ್ಲಿನಾಥ.

"ಸಣ್ಣ ಜೀವ ಅದು. ಮೂರು ಗಂಟೆಕ್ಕ ಮಣ್ಣು. ಲಗೂನ ಕಟ್ಟು," ಎಂದರು ಭಗವಂತರಾಯರು.

ಪಂಪಣ್ಣನಿಗೆ ಬರ್ಫಿಗಿಂತ ಹೆಚ್ಚು ಚಳಿಯಾಯಿತು. ಅನ್ನಮ್ಮತ್ತೆ ಹೋದಳು. ಗಾಡಿಯಲ್ಲಿ ತಣ್ಣನೆ ಗಾಳಿ ಹಾಕಿ ಕರೆತಂದದ್ದು ತಾನು. ಇನ್ನು ಒಂದು ಹಾಳೆ ಸಾಲುವುದಿಲ್ಲ, ನಾಲ್ಕು ಕಡೆ ಓದಬೇಕಾದೀತು. ಹೊರಗೆ ಬರುವ ಶಕ್ತಿಯೇ ಉಡುಗಿ ಅವನು ಹಾಗೇ ಮಲಗಿದ.

ಅಷ್ಟರಲ್ಲಿ ಭಜನೆ ನಿಂತಿತು. ಮೊದಲು ತಾಳ ನಿಂತಿತು, ಆಮೇಲೆ ಹಾಡುವವರು ಒಬ್ಬೊಬ್ಬರಾಗಿ ನಿಂತರು, ಹಾರ್ಮೋನಿಯಂ ಮಾತ್ರ ತನ್ನಷ್ಟಕ್ಕೆ ಸ್ವಲ್ಪ ಹೊತ್ತು ಊದಿ ಸುಮ್ಮನಾಯಿತು. ಹೊಸ್ತಿಲ ಬಳಿ ಒಂದು ಊರುಗೋಲು ಕಾಣಿಸಿತು, ಅದರ ಪಕ್ಕ ಬೆಳ್ಳಿ ಕಡಗದ ಎರಡು ಮುದಿ ಪಾದ.

"ಯಾರಪಾ ಹೋದಾರ?" ಎಂದು ಕೇಳಿದಳು ಅನ್ನಮ್ಮ. "ನನ್ನ ಎಬ್ಬಿಸಬಾರದೇನು? ಹಾಡಿಕೊಂಡು ಅಳಾಕ ಇನ್ಯಾರು ಅದಾರ ನಿಮಗ?"

ಭಗವಂತರಾಯರ ಚಪ್ಪಲಿ ಎರಡು ಹೆಜ್ಜೆ ಹಿಂದೆ ಸರಿದವು. ನಲವತ್ತು ವರ್ಷದ ಅನುಭವದಲ್ಲಿ ಅವರಿಗೆ ಹೆಣವೇ ಎದ್ದು ಬಂದು ಸುದ್ದಿ ಕೇಳಿದ್ದು ಇದೇ ಮೊದಲು. "ನೀವು ಇದ್ದೀರೇನು?" ಎಂದರು.

"ಇದ್ದೀನಲ್ಲ. ಯಾರು ಹೋದಾರ ಹೇಳು."

"ಹಂಗಾದ್ರ," ಎಂದ ಮಲ್ಲಿನಾಥ ಬಿದಿರು ಕೆಳಗಿಟ್ಟು, "ಬರ್ಫ್ ಯಾರ ಸಲುವಾಗಿ?"

ಎಲ್ಲ ಕಾಲುಗಳೂ ಗಾಡಿಯ ಕಡೆ ತಿರುಗಿದವು. ಬಾನೆಟ್ಟಿನ ಮೇಲೆ ಬರ್ಫು, ಕೆಳಗೆ ಬರ್ಫು, ನಡುವಿಂದ ಹೊರಗೆ ಚಾಚಿದ ಪಂಪಣ್ಣನ ಎರಡು ಪಾದ, ನೀರಿಗೆ ನೆನೆದು ಬಿಳಿಚಿಕೊಂಡಿದ್ದವು.

"ಯಾರೂ ಮುಟ್ಟಬ್ಯಾಡ್ರಿ," ಎಂದರು ಭಗವಂತರಾಯರು. ಅವರೊಳಗಿನ ಸರ್ಕಾರಿ ಮನುಷ್ಯ ಎದ್ದಿದ್ದ. "ಗಾಡಿ ಕೆಳಗಿನ ಸಾವು. ಪಂಚನಾಮಿ ಆಗಬೇಕು."

ಅನ್ನಮ್ಮ ಮತ್ತೇನೂ ಕೇಳಲಿಲ್ಲ. ಕೋಲು ಒಗೆದು ಪಾದದ ಹತ್ತಿರ ಕೂತು ರಾಗ ಎತ್ತಿದಳು. ಭಾಂಡೆ ಅಂಗಡಿಯ ಅರಸನೇ, ತೂಕದಾಗ ಮೋಸ ಮಾಡದವನೇ ಎಂದು ಆಕೆ ಹಾಡುತ್ತಿದ್ದರೆ ಪಂಪಣ್ಣನಿಗೇ ತನ್ನ ಬಗ್ಗೆ ಕಣ್ಣು ಒದ್ದೆಯಾಯಿತು. ಬದುಕಿರುವಾಗ ಇಷ್ಟು ಒಳ್ಳೆಯ ಮಾತು ಅವನು ಕೇಳಿರಲಿಲ್ಲ. ಆದರೂ ಏಳಬೇಕು, ಇದು ಸರಿಯಲ್ಲ ಎಂದು ಮೊಣಕೈ ಊರಿದ.

ಆಗ ಆಟೋ ಬಂದು ನಿಂತಿತು. ದಾನೇಶ್ವರಿಯ ಹಸಿರು ಬಳೆಯ ಕೈಯಿಂದ ಚೀಲ ಜಾರಿ ಬಿತ್ತು, ಬೆಳ್ಳಿ ಉಡದಾರ ಉರುಳಿ ಗಾಡಿಯ ಗಾಲಿಯ ಹತ್ತಿರ ಬಂದು ನಿಂತಿತು. ಅವಳು ಕೂಗಲಿಲ್ಲ. ಕುಸಿದು ಕೂತು, ಬಹಳ ಸಣ್ಣ ದನಿಯಲ್ಲಿ, "ಗಾಡಿ ನಡಗ್ತದಂತ ಹೇಳಿದ್ರು. ನಾ ನಂಬಲಿಲ್ಲ," ಎಂದಳು. ಇನ್ನು ತಡೆಯಲಾರೆನೆಂದು ಪಂಪಣ್ಣ ಬಾಯಿ ತೆರೆಯುವಷ್ಟರಲ್ಲಿ ಒಂದು ಮೋಟಾರ್ ಸೈಕಲ್ ಅಂಗಳದಲ್ಲೇ ಬಿದ್ದ ಸದ್ದಾಯಿತು, ಯಾರೋ ಓಡಿ ಬಂದು ಅವನ ಎರಡೂ ಪಾದ ಅಪ್ಪಿಕೊಂಡರು.

"ಮಾಮಾ, ನಾನ ನಿಮ್ಮನ್ನ ಕೊಂದೆ," ಎಂದು ಬಸವಕುಮಾರ ಹೋ ಎಂದು ಅತ್ತ. "ಗಾಡಿಯಾಗ ಐಬು ಇತ್ತು ಮಾಮಾ. ಸೆನ್ಸಾರ್ ಹೋಗಿ ಎರಡು ವರ್ಷ ಆಗಿತ್ತು. ಹೊಸಾದು ಹಾಕಿಸು ಅಂದ ಮಿಸ್ತ್ರಿ. ಮುಂಜಾನಿ ಐದು ನಿಮಿಷದ ಸಲುವಾಗಿ ಯಾಕ ಅಂತ ಬಿಟ್ಟೆ."

ಪಂಪಣ್ಣ ಬಾಯಿ ಮುಚ್ಚಿದ. ಅವನ ಜನ್ಮದಲ್ಲಿ ಹೊಳೆದ ಎರಡನೆಯ ವಿಚಾರ ಇದು: ಇನ್ನೊಂದೆರಡು ನಿಮಿಷ ಸತ್ತೇ ಇರಬೇಕು.

"ನೀವು ನೋಡಾಕ ಬಂದ ದಿನ ಅರ್ಧ ತಾಸು ಮೊದಲ ಚಾಲೂ ಮಾಡಿ ನಿಲ್ಲಿಸಿದ್ದೆ. ನಡಗೋದು ನಿಮಗ ಕಾಣಬಾರದಂತ. ಅಕ್ಕಗೂ ಸುಳ್ಳ ಹೇಳಿದೆ. ಊಟ ಬಿಟ್ಟೀನಂದಿದ್ದೂ ಸುಳ್ಳ, ಎರಡು ರೊಟ್ಟಿ ತಿಂದಿದ್ದೆ."

ಅಳಿಯನ ಬಿಸಿ ಕಣ್ಣೀರು ತಣ್ಣನೆ ಅಂಗಾಲಿನ ಮೇಲೆ ಬೀಳುತ್ತಿದ್ದರೆ ಪಂಪಣ್ಣನಿಗೆ ತಡೆಯಲಾರದ ಕಚಗುಳಿ. ಹೆಬ್ಬೆರಳು ಒಮ್ಮೆ ಆಡಿತು. ಮಲ್ಲಿನಾಥ ನೋಡಿದ. ಆದರೆ ಅವನ ಧಂದೆಯಲ್ಲಿ ಇಂಥದ್ದನ್ನು ಮೊದಲು ಹೇಳುವವನು ಮೂರ್ಖ ಎಂದು ತಿಳಿದು ಸುಮ್ಮನಿದ್ದ.

ಸರಿಯಾಗಿ ಹತ್ತು ಗಂಟೆ. ಪಾನಾ ಚೀಲ ಹಿಡಿದು ಬಂದ ಖಾಜಾಮಿಯಾ ಜನ, ಬಿದಿರು, ಭಜನೆ ನೋಡಿ ಬಾಗಿಲಲ್ಲೇ ದಂಗಾಗಿ ನಿಂತ. ಆದರೆ ಸೆನ್ಸಾರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಯಾವ ಸೆನ್ಸಾರ್ರಿ?" ಎಂದು ಮೆಲ್ಲಗೆ ಕೇಳಿದ.

"ಟೆಂಪರೇಚರ್ ಸೆನ್ಸಾರ್," ಎಂದು ಬಸವಕುಮಾರ ಬಿಕ್ಕಿದ.

"ಟೆಂಪರೇಚರ್ ಅಂದಾನ," ಎಂದಿತು ಗಾಡಿಯ ಕೆಳಗಿನ ದನಿ. "ಖಾಜಾಮಿಯಾ, ನೆಪ್ಪಿಟ್ಟುಕೊಳ್ರಿ. ಎಲ್ಲಾರೂ ಕೇಳೀರಲ್ಲ?"

ಭಜನಾ ಮಂಡಳಿಯಲ್ಲಿ ಮೂವರು ಕಾಂಪೌಂಡ್ ಹಾರಿದರು. ಬಸವಕುಮಾರ ಹಿಂದಕ್ಕೆ ಬಿದ್ದ ರಭಸಕ್ಕೆ ಬರ್ಫಿನ ಬುಟ್ಟಿಯೊಳಗೆ ಕೂತ, ಏಳಲಿಲ್ಲ. ಪಂಪಣ್ಣ ಮೈತುಂಬ ಹೊಟ್ಟು ಮೆತ್ತಿಕೊಂಡು ಹೊರಗೆ ಜಾರಿ ಬಂದಾಗ ಭಗವಂತರಾಯರು ಗೋಡೆ ಹಿಡಿದು ನಿಂತಿದ್ದರು. ಒಂದೇ ಮುಂಜಾನೆ ಎರಡು ಹೆಣ ಎದ್ದದ್ದು ಅವರಿಗೆ ಹೆಚ್ಚಾಗಿತ್ತು. ಅನ್ನಮ್ಮ ಮಾತ್ರ, "ಎದ್ದೇನಪಾ? ಹಾಡು ಇನ್ನಾ ಮುಗಿದಿದ್ದಿಲ್ಲ," ಎಂದು ಬೇಸರಪಟ್ಟಳು.

ದಾನೇಶ್ವರಿ ಗಂಡನ ಮುಖ ನೋಡಿದಳು, ಕೈ ಮುಟ್ಟಿ ನೋಡಿದಳು. ಕಣ್ಣಿನಿಂದ ಆಗ ಇಳಿಯಿತು ನೀರು. ಸೆರಗಿನಿಂದ ಒರೆಸಿಕೊಂಡು, "ಬರ್ಫಿನ್ಯಾಗ ಮಲಗಿ ನೆಗಡಿ ಬಂದ್ರ ಯಾರು ನೋಡ್ಬೇಕ್ರಿ?" ಎಂದು ಗದರಿದಳು.

ಖಾಜಾಮಿಯಾ ಗೋಣಿ ಸರಿಸಿ ಇಂಜಿನ್ ಮುಟ್ಟಿದ. "ಗರಮ್ ಇಂಜಿನ್ನಿಗೆ ಬರ್ಫ್ ಇಟ್ಟೀರಿ. ನೇರ ಇಟ್ಟಿದ್ರ ಸೀಳತಿತ್ತು. ಅಲ್ಲಾ ದೊಡ್ಡವ," ಎಂದವನೇ ಚಾವಿ ತಿರುವಿದ. ಗಾಡಿ ಕೆಮ್ಮಿತು, ಬಿಕ್ಕಿತು, ನಡುಗಿತು. ಪಡಸಾಲೆಯಲ್ಲಿ ಡಬರಿ ತಾಟುಗಳು ಝಣಝಣಿಸಿದವು. ಇಡೀ ಓಣಿ ಬಾಯಿ ತೆರೆದು ನೋಡಿತು, ಪಂಪಣ್ಣನ ಕಾಲು ಕ್ಲಚ್ಚಿನ ಮೇಲಿರಲಿಲ್ಲ. ಖಾಜಾಮಿಯಾ ಕೈ ಒಳಗೆ ಹಾಕಿ ಆ ಸೆನ್ಸಾರಿನ ವೈರು ಕಿತ್ತ. ಗಾಡಿ ಎರಡು ಸಲ ತಡವರಿಸಿ ಸಮಾಧಾನಕ್ಕೆ ಬಂತು.

"ನೋಡ್ರಿ ಅಕ್ಕಾರ, ಸುಳ್ಳ ಹೇಳೋದ್ರ ಬಾಯಿ ಮುಚ್ಚಿದ ಕೂಡಲೇ ಕಂಪ್ಯೂಟರ್ ತನ್ನ ಬುದ್ಧಿಲೆ ನಡೀತು. ಐಬು ಹಳೇದು. ಸೇಠ ಖರೇ ಹೇಳ್ಯಾರ," ಎಂದ.

ದಾನೇಶ್ವರಿ ಬುಟ್ಟಿಯಲ್ಲಿ ಕೂತಿದ್ದ ತಮ್ಮನ ಮುಂದೆ ಹೋಗಿ ನಿಂತಳು. "ಬದುಕಿದ್ದವರಿಗೆ ಒಂದು ಖರೇ ಮಾತು ಹೇಳಲಿಲ್ಲ ನೀನು. ಸತ್ತ ಮ್ಯಾಲ ಹೇಳಾಕ ಬಂದಿ."

"ತಪ್ಪಾತು ಅಕ್ಕಾ," ಎಂದ ಬಸವಕುಮಾರ. ಹಲ್ಲು ಕಟಕಟ ಎನ್ನುತ್ತಿದ್ದವು.

"ನನ್ನ ಮುಂದ ಅಲ್ಲ," ಎಂದಳು.

ಇಷ್ಟಾದ ಮೇಲೆ ಭಗವಂತರಾಯರು ಗೋಡೆ ಬಿಟ್ಟು ಮುಂದೆ ಬಂದು, ಭಜನೆಯವರನ್ನು ಸುಮ್ಮನೆ ಕಳಿಸುವುದು ಅಪಶಕುನ ಎಂದರು. ಮಂಡಳಿಯೂ ಸುರಪುರಕ್ಕೆ ಹೊರಡುವುದೆಂದಾಯಿತು. ಮಲ್ಲಿನಾಥ ಬಾಳೆಯ ಕಂಬಗಳನ್ನು ತೊಟ್ಟಿಲಿಗೆ ಕಟ್ಟುತ್ತೇನೆಂದ. ಅನ್ನಮ್ಮ ಮುಂದಿನ ಸೀಟಿನಲ್ಲಿ ಕೂತು ಆಗಲೇ ಜೋಗುಳ ಗುನುಗತೊಡಗಿದ್ದಳು.

ಪಂಪಣ್ಣ ಒದ್ದೆ ಅಂಗಿ ಬದಲಿಸಲು ಹೊರಟಾಗ ದಾನೇಶ್ವರಿ ತಡೆದು, ಅವನ ಕಿಸೆಗೆ ಕೈಹಾಕಿ ಆ ಹಾಳೆ ತೆಗೆದಳು. ಬರ್ಫಿನ ನೀರಿಗೆ ನೆನೆದು ಮೆತ್ತಗಾಗಿತ್ತು. ಮೆಲ್ಲಗೆ ಬಿಡಿಸಿದಳು. ಮೊದಲಲ್ಲಿ ಪಂಪಣ್ಣನ ಹೆಸರಿದ್ದ ಜಾಗದ ಶಾಯಿ ಪೂರ್ತಿ ಅಳಿಸಿ ಹೋಗಿತ್ತು. ಉಳಿದ ಸಾಲುಗಳೆಲ್ಲ ಓದಲು ಬರುತ್ತಿದ್ದವು.

ಅವಳು ಅದನ್ನು ಒಮ್ಮೆ ಬಿಸಿಲಿಗೆ ಹಿಡಿದು ತಮ್ಮನ ಕೈಗೆ ಕೊಟ್ಟಳು.

"ಸುರಪುರ ಮುಟ್ಟೋದ್ರೊಳಗ ಬಾಯಿಪಾಠ ಮಾಡು," ಎಂದಳು.